ಎರಡೇ ಮೆಟ್ಟಿಲು

ಗಾಲಿಕುರ್ಚಿಯಲ್ಲಿ ಓಡಾಡುವವರನ್ನು ಕರೆದುಕೊಂಡು ಪ್ರವಾಸ ಹೊರಡಬೇಕೆಂದು ಮನೆಯವರು ಲಾಡ್ಜಿಗೋ ಹೋಂಸ್ಟೇಗೋ ಫೋನ್ ಮಾಡಿದರೆ ಆ ಕಡೆಯಿಂದ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. “ಏನೂ ತೊಂದ್ರೆ ಇಲ್ಲ ಮೇಡಂ, ಬನ್ನಿ. ಎರಡೇ ಮೆಟ್ಟಿಲು ಇರೋದು. ನಮ್ಮ ಹುಡುಗ್ರಿದಾರೆ, ಎತ್ತಿ ಒಳಗೆ ಬಿಡ್ತಾರೆ.” ಹಾಗೆ ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ನಡೆದಾಡುವ ಕಾಲಿಗೆ ಮೆಟ್ಟಿಲಿನ ನೆನಪು ಉಳಿಯುವುದಿಲ್ಲ. ಎರಡು ಎಂದದ್ದು ಹೋಗಿ ನೋಡಿದರೆ ನಾಲ್ಕಾಗಿರುತ್ತದೆ. ಬಚ್ಚಲಿನ ಹೊಸಿಲಂತೂ ಲೆಕ್ಕಕ್ಕೇ ಬಂದಿರುವುದಿಲ್ಲ.

ಎರಡು ಮೆಟ್ಟಿಲೆಂದರೆ, ಒಂದೊಂದು ಆರು ಇಂಚು ಎಂದುಕೊಂಡರೂ, ಒಂದಡಿ ಎತ್ತರ. ಗಾಲಿಕುರ್ಚಿ ಏರುವ ಇಳಿಜಾರಿಗೆ ನಮ್ಮ ದೇಶದ ಮಾರ್ಗಸೂಚಿ ಇಟ್ಟಿರುವ ಲೆಕ್ಕ ಒಂದಕ್ಕೆ ಹನ್ನೆರಡು. ಒಂದಡಿ ಏರಬೇಕಾದರೆ ಹನ್ನೆರಡಡಿ ಉದ್ದದ ಇಳಿಜಾರು ಬೇಕು. ಬಾಗಿಲ ಮುಂದೆ ಅಷ್ಟು ಜಾಗ ಬಿಟ್ಟು ಕಟ್ಟಿದ ಕಟ್ಟಡಗಳು ಕಡಿಮೆ. ಹಾಗಾಗಿ ನಾಲ್ಕಡಿಯ ಹಲಗೆಯೊಂದನ್ನು ಓರೆಯಾಗಿಟ್ಟು ‘ರ‍್ಯಾಂಪ್ ಇದೆ’ ಎಂದು ಹೇಳಿಬಿಡುತ್ತಾರೆ. ಅಷ್ಟು ಕಡಿದಾದ ಹಲಗೆಯ ಮೇಲೆ ತಳ್ಳಿದ ಕುರ್ಚಿ ಹಿಂದಕ್ಕೆ ಮಗುಚಿಕೊಂಡರೆ ಮೊದಲು ನೆಲಕ್ಕೆ ಬಡಿಯುವುದು ಕೂತವರ ತಲೆ.

ಇಂಥ ಮನೆಗಳಲ್ಲಿ ಪ್ರವಾಸದ ತಯಾರಿ ಟಿಕೆಟಿಗಿಂತ ಮೊದಲು ಅಳತೆಯ ಟೇಪಿನಿಂದ ಶುರುವಾಗುತ್ತದೆ. ಮಗನ ಕುರ್ಚಿ ಎಷ್ಟು ಅಗಲ ಎಂದು ಕೇಳಿದರೆ ತಾಯಿ ನಿದ್ದೆಗಣ್ಣಲ್ಲೂ ಹೇಳುತ್ತಾಳೆ. ಸಾಧಾರಣ ಮಡಚುವ ಕುರ್ಚಿ ಇಪ್ಪತ್ತೈದು ಇಪ್ಪತ್ತಾರು ಇಂಚು, ಚಕ್ರ ತಳ್ಳುವ ಬೆರಳುಗಳಿಗೆ ಇನ್ನೆರಡು ಇಂಚು. ಬಾಗಿಲು ಕನಿಷ್ಠ 900 ಮಿಲಿಮೀಟರ್, ಅಂದರೆ ಹತ್ತಿರಹತ್ತಿರ ಮೂರಡಿ ತೆರೆದುಕೊಳ್ಳಬೇಕು ಎನ್ನುತ್ತದೆ 2021ರ ಕೇಂದ್ರ ಮಾರ್ಗಸೂಚಿ. ನಮ್ಮ ಲಾಡ್ಜುಗಳಲ್ಲಿ ಕೋಣೆಯ ಬಾಗಿಲು ಮೂರಡಿ ಇದ್ದೀತು, ಬಚ್ಚಲಿನದು ಎರಡು ಅಥವಾ ಎರಡೂವರೆ. ಕೋಣೆಯವರೆಗೆ ಬಂದ ಕುರ್ಚಿ ಬಚ್ಚಲ ಬಾಗಿಲಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಮುಂದಿನದೆಲ್ಲ ನೋಡಿಕೊಳ್ಳುವವರ ಬೆನ್ನಿನ ಮೇಲೆ.

ಅನುಭವಸ್ಥರು ಮ್ಯಾನೇಜರನ್ನು ಬಿಟ್ಟು ರೂಮ್ ಬಾಯ್‌ಗೆ ಫೋನ್ ಕೊಡಿಸಿಕೊಳ್ಳುತ್ತಾರೆ. ದಿನವೂ ನೆಲ ಒರೆಸುವವನಿಗೆ ಯಾವ ಬಾಗಿಲಲ್ಲಿ ಬಕೆಟ್ಟು ತಗುಲುತ್ತದೆ, ಎಲ್ಲಿ ನೀರು ನಿಲ್ಲುತ್ತದೆ ಎಂಬುದೆಲ್ಲ ಗೊತ್ತಿರುತ್ತದೆ. ಬಾಗಿಲಿಗೆ ಅಡ್ಡಲಾಗಿ ಟೇಪು ಹಿಡಿದು ಒಂದು ಫೋಟೊ ಕಳಿಸಪ್ಪ ಎಂದರೆ ಹತ್ತು ನಿಮಿಷದಲ್ಲಿ ಕಳಿಸುತ್ತಾನೆ. ಒಂದು ಇಡೀ ಪ್ರವಾಸ ಕೆಡದೆ ಉಳಿಯುವುದು ಎಷ್ಟೋ ಸಲ ಆ ಒಂದು ಫೋಟೊದಿಂದ. ಇಷ್ಟು ಸಣ್ಣ ಕೆಲಸವನ್ನು ಲಾಡ್ಜಿನವರೇ ಮೊದಲು ಮಾಡಿ, ತಮ್ಮ ಕೋಣೆಗಳ ಫೋಟೊಗಳ ಜೊತೆಗೆ ಹಾಕಿದರೆ ಎಷ್ಟು ತಾಯಂದಿರ ಎಷ್ಟು ಫೋನ್ ಕರೆಗಳು ಉಳಿಯುತ್ತವೆ! ‘ಅನುಕೂಲ ಇದೆ’ ಎಂಬ ಭರವಸೆ ಯಾರಿಗೂ ಬೇಕಾಗಿಲ್ಲ, ಅಳತೆ ಬೇಕು. ಅಳತೆ ಕೈಯಲ್ಲಿದ್ದರೆ ಹೋಗುವುದೋ ಬಿಡುವುದೋ ಅವರೇ ತೀರ್ಮಾನಿಸುತ್ತಾರೆ.

2011ರ ಜನಗಣತಿಯಲ್ಲಿ ದೇಶದ ಅಂಗವಿಕಲರ ಸಂಖ್ಯೆ 2.68 ಕೋಟಿ, ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು. ಆಗಿನ್ನೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿರಲಿಲ್ಲ. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿತ್ತು, 2016ರದು 21ನ್ನು. ಸಾರಿಗೆ, ಕಟ್ಟಡ, ಮಾಹಿತಿ ಎಲ್ಲವೂ ಎಲ್ಲರಿಗೂ ಎಟುಕುವಂತಿರಬೇಕು ಎಂದು ಅದರಲ್ಲಿ ಸ್ಪಷ್ಟವಾಗಿಯೇ ಇದೆ. ಆದರೆ ಕಾಯ್ದೆಯಡಿ ಮಾಡಿದ ನಿಯಮಗಳಲ್ಲಿ ಅಳತೆಗಳೆಲ್ಲ ‘ಹೀಗೆ ಮಾಡಿದರೆ ಒಳ್ಳೆಯದು’ ಎಂಬ ಸಲಹೆಗಳಾಗಿ ಉಳಿದವು. ದೃಷ್ಟಿದೋಷವುಳ್ಳ ರಾಜೀವ್ ರತೂರಿಯವರು 2005ರಲ್ಲಿ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು ಅದನ್ನೇ ಎತ್ತಿ ಹೇಳಿತು. ಕಾಯ್ದೆ ಕಡ್ಡಾಯ ಎಂದಿರುವುದನ್ನು ನಿಯಮ ಸಲಹೆಯಾಗಿ ಇಳಿಸುವಂತಿಲ್ಲ, ಮೂರು ತಿಂಗಳಲ್ಲಿ ಕಡ್ಡಾಯದ ಮಾನದಂಡ ರೂಪಿಸಿ ಎಂದು ಕೇಂದ್ರಕ್ಕೆ ಆದೇಶಿಸಿತು. ಒಬ್ಬ ಮನುಷ್ಯ ದಾರಿ ಕೇಳಿ ಹತ್ತೊಂಬತ್ತು ವರ್ಷ ನ್ಯಾಯಾಲಯದಲ್ಲಿ ಕಾದದ್ದು ಸಣ್ಣ ಸಂಗತಿಯಲ್ಲ.

ರೈಲಿನ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ದೂರದ ಆಸ್ಪತ್ರೆಗೆ, ಮನೆದೇವರಿಗೆ, ನೆಂಟರ ಮದುವೆಗೆ ಹೋಗುವ ಬಹಳ ಮಂದಿಗೆ ಇರುವುದು ಅದೊಂದೇ ದಾರಿ. ರಿಯಾಯಿತಿಯ ಮಟ್ಟಿಗೆ ರೈಲ್ವೆ ಉದಾರವಾಗಿಯೇ ನಡೆದುಕೊಂಡಿದೆ. ಜೊತೆಗಾರರಿಲ್ಲದೆ ಓಡಾಡಲಾಗದ ಚಲನವೈಕಲ್ಯದವರಿಗೆ, ಪೂರ್ಣ ಅಂಧರಿಗೆ, ಬೌದ್ಧಿಕ ವೈಕಲ್ಯದವರಿಗೆ ಸ್ಲೀಪರ್ ಮತ್ತು ಮೂರನೇ ಎಸಿ ದರ್ಜೆಗಳಲ್ಲಿ ಶೇ 75ರಷ್ಟು ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ. ಸ್ಲೀಪರ್‌ನಲ್ಲಿ ಇಂಥವರಿಗೂ ಜೊತೆಗಾರರಿಗೂ ಎಂದು ಎರಡು ಕೆಳಗಿನ ಬರ್ತು, ಎರಡು ನಡುವಿನ ಬರ್ತು ಮೀಸಲಿವೆ. ಆನ್‌ಲೈನಿನಲ್ಲಿ ಈ ರಿಯಾಯಿತಿ ಪಡೆಯಲು ರೈಲ್ವೆಯೇ ಕೊಡುವ ಗುರುತಿನ ಚೀಟಿ ಬೇಕು. ಹೊರಡುವ ವಾರದಲ್ಲಿ ಅದಕ್ಕೆ ಓಡಾಡಿದರೆ ಆಗದು, ಊರಿಗೆ ಹೋಗುವ ಯೋಚನೆಯೇ ಇಲ್ಲದ ತಿಂಗಳಲ್ಲಿ ಮಾಡಿಸಿಟ್ಟುಕೊಳ್ಳಬೇಕು.

ಹಣದ ಕಷ್ಟ ಇಷ್ಟು ಹಗುರಾದರೂ ಎತ್ತರದ ಕಷ್ಟ ಹಾಗೇ ಇದೆ. ನಮ್ಮ ಎತ್ತರದ ಪ್ಲಾಟ್‌ಫಾರಂಗಳು ಹಳಿಯಿಂದ 76ರಿಂದ 84 ಸೆಂಟಿಮೀಟರ್ ಮೇಲಿವೆ. ಈಗಿನ ಎಲ್‌ಎಚ್‌ಬಿ ಎಂಬ ಮಾದರಿಯ ಬೋಗಿಯ ನೆಲ ಹಳಿಯಿಂದ ಸುಮಾರು 130 ಸೆಂಟಿಮೀಟರ್ ಎತ್ತರದಲ್ಲಿದೆ. ನಡುವೆ ಉಳಿಯುವುದು ಒಂದೂವರೆ ಅಡಿಗೂ ಹೆಚ್ಚಿನ ಏರು. ಕುರ್ಚಿ, ಕುರ್ಚಿಯಲ್ಲಿರುವವರು, ಸಾಮಾನು, ಈ ಮೂರನ್ನೂ ಎರಡು ನಿಮಿಷದ ನಿಲುಗಡೆಯಲ್ಲಿ ಹತ್ತಿಸಬೇಕು. ಹೀಗಾಗಿ ಬಲ್ಲವರು ತಮ್ಮೂರಿನ ನಿಲ್ದಾಣ ಬಿಟ್ಟು ರೈಲು ಹೊರಡುವ ಊರಿಗೇ ಹೋಗುತ್ತಾರೆ. ಹಂಪಿ ಎಕ್ಸ್‌ಪ್ರೆಸ್ ಹತ್ತಬೇಕಾದ ಮಂಡ್ಯದವರು ಮೈಸೂರಿಗೆ ಹಿಂದಕ್ಕೆ ಹೋಗಿ, ರೈಲು ಇನ್ನೂ ನಿಂತಿರುವಾಗಲೇ ಹತ್ತಿ ಕೂರುವುದರಲ್ಲಿ ಅರ್ಥವಿದೆ. ಹೆಚ್ಚಿಗೆ ಹೋದ ದಾರಿಗಿಂತ ಸಮಾಧಾನವಾಗಿ ಹತ್ತಿದ ಹತ್ತು ನಿಮಿಷ ದೊಡ್ಡದು. ಇಳಿಯುವ ನಿಲ್ದಾಣದಲ್ಲಿ ಈ ಉಪಾಯವೂ ಇಲ್ಲ. ಹಿಂದಿನ ನಿಲ್ದಾಣ ಬಿಟ್ಟ ಕೂಡಲೇ ಬಾಗಿಲ ಹತ್ತಿರ ಬಂದು ಕಾಯಬೇಕು, ಟಿಟಿಇಯವರಿಗೆ ಮೊದಲೇ ಹೇಳಿಟ್ಟಿರಬೇಕು.

ಹಲವು ಮೇಲ್, ಎಕ್ಸ್‌ಪ್ರೆಸ್ ರೈಲುಗಳ ತುದಿಯಲ್ಲಿ ಅಂಗವಿಕಲರಿಗೆಂದೇ ಒಂದು ಬೋಗಿಯ ಭಾಗ ಇರುತ್ತದೆ. ಬಾಗಿಲು ಅಗಲ, ಶೌಚಾಲಯ ದೊಡ್ಡದು, ಕುರ್ಚಿ ನಿಲ್ಲಿಸಲು ಜಾಗವೂ ಉಂಟು. ಆದರೆ ಅಲ್ಲಿ ಕಾಯ್ದಿರಿಸುವ ಪದ್ಧತಿ ಇಲ್ಲ. ತುದಿಯ ಬೋಗಿಯಾದ್ದರಿಂದ ಅದು ನಿಲ್ಲುವುದು ಪ್ಲಾಟ್‌ಫಾರಂನ ಕೊನೆಯಲ್ಲಿ, ಎಷ್ಟೋ ಕಡೆ ಮಾಡು ಇಲ್ಲದ ಜಾಗದಲ್ಲಿ. ಹಬ್ಬದ ದಿನಗಳಲ್ಲಿ ಅದರೊಳಗೆ ಬೇರೆಯವರೇ ತುಂಬಿರುತ್ತಾರೆ. ಒಳಗೆ ಕೂತವರು ಆರೋಗ್ಯವಂತರಾಗಿದ್ದರೆ ದಯವಿಟ್ಟು ಎದ್ದು ಬೇರೆ ಬೋಗಿಗೆ ಹೋಗಬೇಕು. ಅವರಿಗೆ ಇಡೀ ರೈಲು ಇದೆ. ಇವರಿಗೆ ಇರುವುದು ಅದೊಂದೇ ಬಾಗಿಲು.

ಬಸ್ಸಿನ ಕಥೆ ಬೇಗ ಮುಗಿಯುತ್ತದೆ. ಕೆಎಸ್ಆರ್‌ಟಿಸಿ ಅಂಗವಿಕಲರಿಗೆ ವರ್ಷಕ್ಕೆ 660 ರೂಪಾಯಿಗೆ ಪಾಸು ಕೊಡುತ್ತದೆ, ಇರುವ ಊರಿನಿಂದ 100 ಕಿಲೋಮೀಟರ್ ಒಳಗೆ ಎಲ್ಲಿಗಾದರೂ ಹೋಗಬಹುದು. ಪೋಲಿಯೊದಿಂದ ಒಂದು ಕಾಲು ಸೊರಗಿದವರು, ಊರುಗೋಲಿನಲ್ಲಿ ನಡೆಯುವವರು ಆ ಪಾಸಿನಿಂದ ಓದಿದ್ದಾರೆ, ಕೆಲಸಕ್ಕೆ ಹೋಗಿದ್ದಾರೆ, ಬದುಕು ಕಟ್ಟಿಕೊಂಡಿದ್ದಾರೆ. ಗಾಲಿಕುರ್ಚಿಯವರಿಗೆ ಮಾತ್ರ ಹಳ್ಳಿಯ ಬಸ್ಸಿನ ಮೊದಲ ಮೆಟ್ಟಿಲೇ ಮೊಣಕಾಲೆತ್ತರ. ಬೆಂಗಳೂರಿನ ಮೆಟ್ರೊದಲ್ಲಿ ಲಿಫ್ಟ್ ಇದೆ, ಪ್ಲಾಟ್‌ಫಾರಂಗೂ ಬೋಗಿಗೂ ನೆಲ ಸಮ ಇದೆ, ಕುರ್ಚಿ ನಿಲ್ಲಿಸುವ ಜಾಗ ಗುರುತಿಸಿದ್ದಾರೆ. ಮಾಡಬೇಕೆಂದು ಹೊರಟರೆ ಆಗುತ್ತದೆ ಎಂಬುದಕ್ಕೆ 2011ರಿಂದ ಓಡುತ್ತಿರುವ ಆ ರೈಲೇ ಸಾಕ್ಷಿ. ನಿಲ್ದಾಣದಿಂದ ಹೊರಬಂದ ಮೇಲೆ ಫುಟ್‌ಪಾತ್ ಹೇಗಿರುತ್ತದೆ ಎಂಬುದನ್ನು ನಾನು ಬರೆಯಬೇಕಾಗಿಲ್ಲ, ನಡೆಯುವವರಿಗೂ ಅದು ಗೊತ್ತು.

ವಿಮಾನದಲ್ಲಿ ಹೋಗುವವರು ಹೊರಡುವುದಕ್ಕೆ 48 ಗಂಟೆ ಮೊದಲೇ ತಿಳಿಸಬೇಕು. ಬರಿಯ ‘ವೀಲ್‌ಚೇರ್ ಬೇಕು’ ಎಂದರೆ ಸಾಲದು. ಮೆಟ್ಟಿಲು ಹತ್ತಬಲ್ಲವರೇ, ಮೆಟ್ಟಿಲು ಹತ್ತಲಾಗದೆ ಒಳಗೆ ನಾಲ್ಕು ಹೆಜ್ಜೆ ಮಾತ್ರ ಇಡಬಲ್ಲವರೇ, ಆಸನದವರೆಗೂ ಕುರ್ಚಿಯಲ್ಲೇ ಹೋಗಬೇಕಾದವರೇ ಎಂಬ ಮೂರು ಬಗೆಗಳಿಗೆ ಬೇರೆಬೇರೆ ಸಂಕೇತಗಳಿವೆ. ಯಾವುದು ಎಂದು ಸರಿಯಾಗಿ ಬರೆಸಿದರೆ ವಿಮಾನದ ಬಾಗಿಲಿಗೇ ಎತ್ತುವ ವಾಹನ ಬರುತ್ತದೆ, ಒಳಗಿನ ಕಿರಿದಾದ ದಾರಿಗೆ ಹೊಂದುವ ಸಣ್ಣ ಕುರ್ಚಿ ಬರುತ್ತದೆ. ಬ್ಯಾಟರಿಯಿಂದ ಓಡುವ ಕುರ್ಚಿಯಾದರೆ ಬ್ಯಾಟರಿ ಯಾವ ಜಾತಿಯದು, ಎಷ್ಟು ಶಕ್ತಿಯದು ಎಂಬ ಕಾಗದ ಜೊತೆಗಿರಲಿ.

ಆದರೂ ಕಾಗದವೆಲ್ಲ ಸರಿಯಿದ್ದು ಮನುಷ್ಯರು ಸರಿಯಿಲ್ಲದಿದ್ದರೆ ಏನಾಗುತ್ತದೆಂದು ಜೀಜಾ ಘೋಷ್ ಅವರ ಪ್ರಕರಣ ತೋರಿಸಿತು. ಸೆರೆಬ್ರಲ್ ಪಾಲ್ಸಿ ಇರುವ, ಅಂಗವಿಕಲರ ಹಕ್ಕುಗಳಿಗಾಗಿಯೇ ದುಡಿಯುವ ಅವರು 2012ರ ಫೆಬ್ರವರಿಯಲ್ಲಿ ಗೋವಾದ ಸಮಾವೇಶವೊಂದಕ್ಕೆ ಹೊರಟು ಕೋಲ್ಕತ್ತದಲ್ಲಿ ವಿಮಾನ ಹತ್ತಿ ಕೂತಿದ್ದರು. ಸಿಬ್ಬಂದಿ ಅವರನ್ನು ಎಬ್ಬಿಸಿ ಕೆಳಗಿಳಿಸಿದರು. ನಾಲ್ಕು ವರ್ಷಗಳ ನಂತರ, 2016ರ ಮೇ ತಿಂಗಳಲ್ಲಿ, ಸುಪ್ರೀಂ ಕೋರ್ಟು ಅವರಿಗೆ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆ ಸಮಾವೇಶ ಅವರಿಲ್ಲದೆ ನಡೆದುಹೋಗಿತ್ತು.

ಈಗ ಎತ್ತುವ ಮಾತಿಗೆ ಬರುತ್ತೇನೆ. ನಮ್ಮ ಜನರಿಗೆ ಸಹಾಯ ಮಾಡುವ ಮನಸ್ಸು ದೊಡ್ಡದು. ಕುರ್ಚಿ ಮೆಟ್ಟಿಲ ಬುಡದಲ್ಲಿ ನಿಂತಿದ್ದನ್ನು ಕಂಡರೆ ನಾಲ್ಕು ಜನ ಓಡಿ ಬರುತ್ತಾರೆ, ಹೆಸರು ಕೂಡ ಕೇಳದೆ ಎತ್ತುತ್ತಾರೆ. ಅದರಲ್ಲಿರುವ ಪ್ರೀತಿಯನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಆದರೆ ಎತ್ತಿಸಿಕೊಳ್ಳುವವರ ಕಡೆಯಿಂದ ನೋಡಿ. ಕಂಕುಳಿಗೆ ಕೈಹಾಕಿ ಜಗ್ಗಿದರೆ ಬಲವಿಲ್ಲದ ಭುಜದ ಕೀಲು ತಪ್ಪಬಹುದು. ಮೂತ್ರದ ನಳಿಕೆ ಹಾಕಿದ್ದರೆ ಎಳೆದುಕೊಂಡು ರಕ್ತ ಬರಬಹುದು. ಕುರ್ಚಿಯ ತೋಳು ಕಳಚಿ ಬರುವಂಥದ್ದಾದರೆ ಎತ್ತಿದವರ ಕೈಯಲ್ಲಿ ತೋಳು, ಕೂತವರು ನೆಲದಲ್ಲಿ. ಹರೆಯದ ಹೆಣ್ಣುಮಗಳನ್ನು ಗುರುತಿಲ್ಲದ ಗಂಡಸರು ಹಿಡಿದೆತ್ತುವಾಗ ಅವಳ ಮನಸ್ಸಿಗೆ ಏನಾಗುತ್ತದೆಂದು ಕೇಳುವವರಿಲ್ಲ. ಅವಳು ಬೇಡ ಎಂದರೆ ‘ಎಷ್ಟು ಕೊಬ್ಬು ನೋಡಿ, ಸಹಾಯ ಮಾಡಿದರೂ ಬೇಡವಂತೆ’ ಎಂಬ ಮಾತು ಬೇರೆ.

ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಡೋಲಿಯಲ್ಲಿ ಹತ್ತಿಸುವವರಿದ್ದಾರೆ. ಅದೂ ಎತ್ತಿಕೊಂಡು ಹೋಗುವುದೇ. ಆದರೆ ಹೋಗುವವರು ತಾವೇ ಬೇಕೆಂದು ಕೂತಿರುತ್ತಾರೆ, ಹೊರುವವರದು ಪಳಗಿದ ಹೆಗಲು, ಕೂಲಿ ಮೊದಲೇ ಮಾತಾಗಿರುತ್ತದೆ, ಎಲ್ಲಿ ಇಳಿಸಿ ದಣಿವಾರಿಸಿಕೊಳ್ಳುವುದೆಂದು ಇಬ್ಬರಿಗೂ ಗೊತ್ತು. ಕೇಳಿ ಎತ್ತುವುದಕ್ಕೂ ಕೇಳದೆ ಎತ್ತುವುದಕ್ಕೂ ಅಷ್ಟು ಅಂತರವಿದೆ. ಎಲ್ಲಿ ಹಿಡಿಯಲಿ, ಹೇಗೆ ಹಿಡಿಯಲಿ ಎಂದು ಕುರ್ಚಿಯಲ್ಲಿರುವವರನ್ನೇ ಕೇಳಬೇಕು. ಹೋಟೆಲಿನಲ್ಲಿ “ಇವ್ರಿಗೇನು ಕೊಡ್ಲಿ?” ಎಂದು ಪಕ್ಕದವರನ್ನು ಕೇಳುವ ಮಾಣಿಗಳಿಗೂ ಇದನ್ನೇ ಹೇಳಬೇಕು. ಅವರ ಕಾಲು ನಡೆಯದಿರಬಹುದು, ಮಸಾಲೆ ದೋಸೆಯೋ ಇಡ್ಲಿಯೋ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಪ್ರವಾಸ ಎಂದಕೂಡಲೇ ಬೆಟ್ಟ, ಕಡಲು ಎಂದು ನಾವು ಯೋಚಿಸುತ್ತೇವೆ. ಅಂಗವಿಕಲರ ಓಡಾಟ ಎಷ್ಟೋ ಸಲ ಅವು ಯಾವುದಕ್ಕೂ ಅಲ್ಲ, ನೆಂಟರಿಷ್ಟರ ಮದುವೆಗೆ. ಅಲ್ಲಿ ಕಾದಿರುವುದು ಕಲ್ಯಾಣಮಂಟಪ. ಧಾರೆ ನಡೆಯುವುದು ಒಂದು ಅಂತಸ್ತಿನಲ್ಲಿ, ಊಟದ ಹಾಲ್ ನೆಲಮಾಳಿಗೆಯಲ್ಲಿ. ಬೀಗರೆಲ್ಲ ಪಂಕ್ತಿಗೆ ಇಳಿದುಹೋದ ಮೇಲೆ ಖಾಲಿ ಕುರ್ಚಿಗಳ ನಡುವೆ ಒಬ್ಬರು ಉಳಿಯುತ್ತಾರೆ. ಯಾರೋ ಒಬ್ಬರು ತಟ್ಟೆಯಲ್ಲಿ ಎಲ್ಲವನ್ನೂ ಬಡಿಸಿಕೊಂಡು ಮೇಲೆ ತಂದುಕೊಡುತ್ತಾರೆ. ಹೊಟ್ಟೆ ತುಂಬುತ್ತದೆ, ಒಬ್ಬಟ್ಟಿಗೆ ತುಪ್ಪವೂ ಬೀಳುತ್ತದೆ. ಪಂಕ್ತಿಯಲ್ಲಿ ಕೂತು “ಇನ್ನೊಂದು ಹಾಕಿಸ್ಕೊಳ್ಳಿ ಭಾವ” ಎಂದು ಬಲವಂತ ಮಾಡಿಸಿಕೊಳ್ಳುವ ಸಂಭ್ರಮ ತಟ್ಟೆಯಲ್ಲಿ ಮೇಲೆ ಬರುವುದಿಲ್ಲ. ಇಂಥ ಎರಡು ಮದುವೆ ಕಂಡವರು ಮೂರನೆಯದಕ್ಕೆ “ನೀವು ಹೋಗಿಬನ್ನಿ” ಎನ್ನುತ್ತಾರೆ. ಮನೆಯಲ್ಲಿ ಅವರನ್ನು ನೋಡಿಕೊಳ್ಳುವವರೂ ಆಗ ಉಳಿಯಬೇಕಾಗುತ್ತದೆ. ಛತ್ರ ಗೊತ್ತುಮಾಡುವಾಗ ಊಟದ ಹಾಲಿಗೆ ಲಿಫ್ಟ್ ಇದೆಯೇ ಎಂದು ಹುಡುಗಿಯ ತಂದೆ ಒಂದು ಮಾತು ಕೇಳಿದರೆ ಇಬ್ಬರು ನೆಂಟರು ಮನೆಯಿಂದ ಹೊರಡುತ್ತಾರೆ. ಮಂಡಿನೋವಿನ ಅಜ್ಜಿಯರೂ ಹರಸುತ್ತಾರೆ.

ಎಲ್ಲಕ್ಕಿಂತ ಕಠಿಣವಾದದ್ದು, ಯಾರೂ ಬಾಯಿಬಿಟ್ಟು ಹೇಳದ್ದು, ಶೌಚಾಲಯ. ದಾರಿಯಲ್ಲಿ ಹೋಗಲಾಗುವುದಿಲ್ಲವೆಂದು ಹೊರಡುವ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಇದು ಅಪಾಯ. ನೀರು ಕಡಿಮೆಯಾದರೆ ಮೂತ್ರದ ಸೋಂಕು, ಸೋಂಕಾದರೆ ಜ್ವರ, ಪ್ರವಾಸದ ಮರುದಿನ ಆಸ್ಪತ್ರೆ. ಪೆಟ್ಟು ಬೆನ್ನುಹುರಿಯ ಮೇಲ್ಭಾಗದಲ್ಲಾಗಿದ್ದರೆ ಬೆವರೂ ಸರಿಯಾಗಿ ಬರುವುದಿಲ್ಲ, ಮೈ ತಂಪಾಗುವ ದಾರಿಯೇ ಮುಚ್ಚಿರುತ್ತದೆ. ಅಂಥವರನ್ನು ಏಪ್ರಿಲ್ ಬಿಸಿಲಲ್ಲಿ ಹಂಪಿಗೆ ಕರೆದೊಯ್ಯಬಾರದು, ಚಳಿಗಾಲಕ್ಕೆ ಇಟ್ಟುಕೊಳ್ಳಬೇಕು. ಕಾರಿನಲ್ಲಾದರೂ ಕೂತಲ್ಲೇ ಕೂರಿಸಬಾರದು. ಸ್ಪರ್ಶವಿಲ್ಲದ ಚರ್ಮ ಹುಣ್ಣಾಗುವುದು ಗೊತ್ತಾಗುವುದಿಲ್ಲ, ಅರ್ಧ ಗಂಟೆಗೊಮ್ಮೆಯಾದರೂ ಭಾರ ಬದಲಿಸಬೇಕು.

ಇನ್ನೊಂದು ಕಷ್ಟಕ್ಕೆ ನಮ್ಮಲ್ಲಿ ಉತ್ತರವನ್ನೇ ಹುಡುಕಿಲ್ಲ. ಇಪ್ಪತ್ತು ವರ್ಷದ ಮಗ, ತಾಯಿಯೇ ಡಯಾಪರ್ ಬದಲಿಸಬೇಕು. ಗಂಡಸರ ಶೌಚಾಲಯಕ್ಕೆ ಅವಳು ಹೋಗುವಂತಿಲ್ಲ, ಹೆಂಗಸರದಕ್ಕೆ ಅವನನ್ನು ಒಯ್ಯುವಂತಿಲ್ಲ. ಒಯ್ದರೂ ಮಲಗಿಸಲು ಒದ್ದೆ ನೆಲವೊಂದೇ ಇರುವುದು. ಎಷ್ಟೋ ತಾಯಂದಿರು ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ, ಹಿಂದಿನ ಸೀಟಿನಲ್ಲಿ, ಕಿಟಕಿಗಳಿಗೆ ಟವೆಲು ಸಿಕ್ಕಿಸಿ ಆ ಕೆಲಸ ಮಾಡುತ್ತಾರೆ. ಬ್ರಿಟನ್ನಿನಲ್ಲಿ 2006ರಿಂದ ತಾಯ್ತಂದೆಯರು ಇದಕ್ಕಾಗಿಯೇ ಚಳವಳಿ ಮಾಡಿದರು. ದೊಡ್ಡವರನ್ನು ಮಲಗಿಸುವಷ್ಟು ಉದ್ದದ ಬೆಂಚು, ಎತ್ತುವ ಯಂತ್ರ, ಇಬ್ಬರು ನೋಡಿಕೊಳ್ಳುವವರು ನಿಲ್ಲುವಷ್ಟು ಜಾಗ ಇರುವ ಶೌಚಾಲಯ ಬೇಕೆಂದರು. 2021ರಿಂದ ಇಂಗ್ಲೆಂಡಿನ ಹೊಸ ದೊಡ್ಡ ಸಾರ್ವಜನಿಕ ಕಟ್ಟಡಗಳಲ್ಲಿ ಅದು ಕಡ್ಡಾಯವಾಯಿತು. ನಮ್ಮ ಹೆದ್ದಾರಿಯ ಫುಡ್‌ಕೋರ್ಟುಗಳಲ್ಲಿ, ಧರ್ಮಕ್ಷೇತ್ರಗಳ ಯಾತ್ರಿನಿವಾಸಗಳಲ್ಲಿ ಯಂತ್ರ ಇರದಿದ್ದರೂ ಸರಿ, ಗಂಡು ಹೆಣ್ಣು ಎಂದು ಬರೆಯದ, ಒಳಗಿನಿಂದ ಚಿಲಕ ಹಾಕಬಹುದಾದ, ಆರಡಿ ಬೆಂಚಿರುವ ಒಂದೇ ಒಂದು ಕೋಣೆ ಸಾಕು. ಖರ್ಚು ಸಣ್ಣದು. ಬೇಕೆಂದು ಯಾರಿಗೂ ಹೊಳೆದಿಲ್ಲ, ಅಷ್ಟೇ.

ಕಾಣದ ಕಷ್ಟಗಳೂ ಇವೆ. ರೈಲು ಮೂರನೇ ಪ್ಲಾಟ್‌ಫಾರಂ ಬಿಟ್ಟು ಐದಕ್ಕೆ ಬರುತ್ತದೆಂದು ಧ್ವನಿವರ್ಧಕ ಹೇಳಿದರೆ ಕಿವಿ ಕೇಳದವರಿಗೆ ಎಲ್ಲರೂ ಓಡುವುದಷ್ಟೇ ಕಾಣುತ್ತದೆ. ಆಟಿಸಂ ಇರುವ ಮಗುವಿಗೆ ದೇವಸ್ಥಾನದ ನಗಾರಿಯ ಸದ್ದು ತಡೆಯಲಾಗದ ನೋವಾಗಬಹುದು. ಮಹಾಮಂಗಳಾರತಿಯ ಹೊತ್ತು ತಪ್ಪಿಸಿ, ಮಧ್ಯಾಹ್ನ ಜನ ಕರಗಿದ ಮೇಲೆ ಹೋದರೆ ಮಗುವೂ ಕೈಮುಗಿಯುತ್ತದೆ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸೂರ್ಯಕಾಂತಿಯ ಚಿತ್ರವಿರುವ ಕೊರಳಪಟ್ಟಿ ಕೊಡುತ್ತಾರೆ. ಹಾಕಿಕೊಂಡವರಿಗೆ ಸ್ವಲ್ಪ ಹೆಚ್ಚು ಸಮಯ, ಸ್ವಲ್ಪ ಹೆಚ್ಚು ತಾಳ್ಮೆ ಬೇಕೆಂದು ಸಿಬ್ಬಂದಿಗೆ ಅದರಿಂದ ತಿಳಿಯುತ್ತದೆ, ಕಾರಣ ವಿವರಿಸಬೇಕಾಗಿಲ್ಲ.

ನೋಡಿಕೊಳ್ಳುವವರಿಗೂ ಅದು ಪ್ರವಾಸವಾಗಬೇಕು. ಮನೆಯಲ್ಲಿ ಮಾಡುವ ಕೆಲಸವನ್ನೇ ಇನ್ನೊಂದು ಊರಿನಲ್ಲಿ, ಹೆಚ್ಚು ಕಷ್ಟಪಟ್ಟು ಮಾಡಿ ಹಿಂತಿರುಗಿದರೆ ಅವರು ಕಂಡದ್ದಾದರೂ ಏನು? ಸಾಧ್ಯವಿದ್ದರೆ ಇಬ್ಬರು ಜೊತೆಗೆ ಹೋಗಬೇಕು, ಸರದಿಯಲ್ಲಿ ಒಬ್ಬರಿಗೆ ಬಿಡುವು ಸಿಗಬೇಕು. ದಿನಕ್ಕೆ ಒಂದು ಜಾಗ ಸಾಕು. ಹಂಪಿಯಲ್ಲಿ ಗೆಜ್ಜಲ ಮಂಟಪದಿಂದ ವಿಜಯ ವಿಠ್ಠಲ ದೇವಾಲಯದ ತನಕ ಬ್ಯಾಟರಿ ವಾಹನ ಹೋಗುತ್ತದೆ. ಅದರಲ್ಲಿ ಹೋಗಿ, ಕಲ್ಲಿನ ರಥದ ಮುಂದೆ ಒಂದು ಬೆಳಗ್ಗೆ ಪೂರ್ತಿ ಕಳೆದು ಬರುವುದು ನಾಲ್ಕು ಜಾಗಗಳನ್ನು ಅವಸರದಲ್ಲಿ ಸುತ್ತಿದ್ದಕ್ಕಿಂತ ಮೇಲು.

ಪುರಾತನ ಕಟ್ಟಡಕ್ಕೆ ರ‍್ಯಾಂಪ್ ಹಾಕಿದರೆ ಅಂದ ಕೆಡುತ್ತದೆ, ಕಾನೂನು ಬಿಡುವುದಿಲ್ಲ ಎನ್ನುವವರಿಗೆ 2001ನ್ನು ನೆನಪಿಸಬೇಕು. ಆ ವರ್ಷ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಾಗ ಕುತುಬ್ ಮಿನಾರ್, ಜಂತರ್ ಮಂತರ್ ಸೇರಿದಂತೆ ನಾಲ್ಕು ಸ್ಮಾರಕಗಳಿಗೆ ಪುರಾತತ್ವ ಇಲಾಖೆ ಮರದ ರ‍್ಯಾಂಪ್ ಹಾಕಿತು. ಅದಕ್ಕಾಗಿ ಪಟ್ಟುಹಿಡಿದವರು ತಾವೂ ಗಾಲಿಕುರ್ಚಿಯಲ್ಲಿದ್ದ ಹೋರಾಟಗಾರ ಜಾವೇದ್ ಅಬಿದಿ. ಕಲ್ಲಿಗೆ ಒಂದು ಮೊಳೆಯನ್ನೂ ಹೊಡೆಯದೆ ಮರದ ಇಳಿಜಾರನ್ನು ಇಡಬಹುದು, ಬೇಡವಾದಾಗ ತೆಗೆಯಬಹುದು. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಅಲ್ಲಿನ ಶಿಲ್ಪಗಳನ್ನು ಹತ್ತಿರದಿಂದ ನೋಡಬೇಕಾದರೆ ದೇವಾಲಯ ನಿಂತಿರುವ ಎತ್ತರದ ಕಟ್ಟೆಯನ್ನು, ಅಂದರೆ ಜಗತಿಯನ್ನು ಏರಬೇಕು. ಏರುವ ದಾರಿ ಮೆಟ್ಟಿಲುಗಳದ್ದು ಮಾತ್ರ ಆಗಿರಬೇಕಾಗಿಲ್ಲ.

ಕಡಲಿನ ವಿಷಯದಲ್ಲಿ ನೆರೆಯ ಚೆನ್ನೈ ಒಂದು ಕೆಲಸ ಮಾಡಿದೆ. ಮರಳಲ್ಲಿ ಚಕ್ರ ಹೂತುಹೋಗುವುದರಿಂದ ಗಾಲಿಕುರ್ಚಿಯವರು ರಸ್ತೆಯಿಂದಲೇ ಸಮುದ್ರ ನೋಡಿ ಹಿಂತಿರುಗುತ್ತಿದ್ದರು. ವರ್ಷಕ್ಕೊಮ್ಮೆ, ಡಿಸೆಂಬರ್ 3ರ ಅಂಗವಿಕಲರ ದಿನದ ಸುಮಾರಿಗೆ, ಮರೀನಾದಲ್ಲಿ ತಾತ್ಕಾಲಿಕ ಹಾಸು ಹಾಕುತ್ತಿದ್ದರು. ಶಾಶ್ವತ ದಾರಿ ಬೇಕೆಂದು ಅಲ್ಲಿನವರು ವರ್ಷಗಟ್ಟಲೆ ಕೇಳಿದ ಮೇಲೆ 2022ರ ನವೆಂಬರ್‌ನಲ್ಲಿ 263 ಮೀಟರ್ ಉದ್ದದ, ಮೂರು ಮೀಟರ್ ಅಗಲದ ಮರದ ದಾರಿ ತೆರೆಯಿತು. ಎರಡೇ ವಾರಗಳಲ್ಲಿ ಮ್ಯಾಂಡಸ್ ಚಂಡಮಾರುತ ಅದರ ತುದಿಯನ್ನು ಕಿತ್ತುಹಾಕಿತು. ಪಾಲಿಕೆ ದುರಸ್ತಿ ಮಾಡಿ ಮತ್ತೆ ತೆರೆಯಿತು. ನಮ್ಮ ಕರಾವಳಿ ಮುನ್ನೂರು ಕಿಲೋಮೀಟರ್‌ಗೂ ಹೆಚ್ಚು ಉದ್ದ. ಅದರಲ್ಲಿ ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ಮಾನ್ಯತೆಯ ಷರತ್ತುಗಳಲ್ಲಿ ಅಂಗವಿಕಲರಿಗೆ ದಾರಿ ಮಾಡಿಕೊಡುವುದೂ ಸೇರಿದೆ. ಉಳಿದ ಊರುಗಳವರು ವಿದೇಶಿ ಮಾನ್ಯತೆಗೆ ಕಾಯಬೇಕಾಗಿಲ್ಲ. ಮುಂದಿನ ಡಿಸೆಂಬರ್ 3ಕ್ಕೆ ಜಿಲ್ಲಾಡಳಿತ, ಪ್ರವಾಸೋದ್ಯಮ ಇಲಾಖೆ, ಊರಿನ ಮೀನುಗಾರರು ಸೇರಿ ನೂರು ಮೀಟರ್ ಹಾಸು ಹಾಕಲಿ. ಎಲ್ಲಿ ಹಾಕಬೇಕು, ಎಷ್ಟು ಅಗಲ ಇರಬೇಕು, ನೀರಿಗೆ ಎಷ್ಟು ಹತ್ತಿರ ಹೋಗಬೇಕು ಎಂದು ಆ ಊರಿನ ಗಾಲಿಕುರ್ಚಿಯವರನ್ನು ಕೂರಿಸಿಕೊಂಡು ಕೇಳಲಿ. ಆ ಮಾತುಕತೆ ಈಗ ಶುರುವಾದರೂ ತಡವೇನಲ್ಲ.